ಟೈಂಟೇಬಲ್ ಓದುವವಳು

ಕರ್ನಾಟಕದೊಳಗೇ ಊರಿಂದೂರಿಗೆ ವರ್ಗವಾಗುತ್ತ ಹೋದವರಿಗೆ ಗೊತ್ತಿರುತ್ತದೆ, ಹೊಸಬರನ್ನು ಮೊದಲು ಕೇಳುವ ಪ್ರಶ್ನೆ ಎಲ್ಲ ಕಡೆ ಒಂದೇ ಅಲ್ಲ. ಸಿಂಧನೂರಿನ ಬ್ಯಾಂಕ್ ಶಾಖೆಯಲ್ಲಿ ಕೌಂಟರಿನ ಆಚೆಯಿಂದ ಬಂದ ಮೊದಲ ಮಾತು, 'ಯಾವೂರ್ರಿ ಮೇಡಂ ನಿಮ್ದು?' ಸಾಗರ ಅಂದೆ. 'ಯಾವ ಸಾಗರ? ನಮ್ಮ ಶಹಾಪುರದ ಕಡೀ ಸಗರ ಏನ್ರಿ?' ಅಲ್ಲ, ಶಿವಮೊಗ್ಗದ ಕಡೆಯದು ಅಂದಾಗ ಆ ರೈತರ ಮುಖದಲ್ಲಿ ಸಣ್ಣ ನಿರಾಸೆ. ಹುಬ್ಬಳ್ಳಿಯಲ್ಲಿ 'ನಿಮ್ಮ ಅಡ್ಡಹೆಸರೇನ್ರಿ?' ಪುತ್ತೂರಿನಲ್ಲಿ 'ನಿಮ್ಮದು ಮನೆ ಎಲ್ಲಿ ಆಯ್ತು?' ಬೆಂಗಳೂರಿನಲ್ಲಿ ಕೆಲವು ವಾರ ಯಾರೂ ಏನೂ ಕೇಳಲಿಲ್ಲ. ಆಮೇಲೊಬ್ಬರು ಲಿಫ್ಟಿನಲ್ಲಿ 'ಯಾವ ಏರಿಯಾ?' ಅಂದರು, ನಾನು ಉತ್ತರಿಸುವ ಮೊದಲೇ ಅವರ ಮಹಡಿ ಬಂತು.

ಹೆಂಗಸಾದರೆ ಇದರ ಬೆನ್ನಿಗೆ ಇನ್ನೊಂದು ಕಂತು ಇರುತ್ತದೆ. ಯಜಮಾನರು ಎಲ್ಲಿದ್ದಾರೆ, ಮಕ್ಕಳೆಷ್ಟು, ಗಂಡೋ ಹೆಣ್ಣೋ, ಅತ್ತೆ ಮಾವ ಜೊತೆಗಿದ್ದಾರೋ ಊರಲ್ಲೋ. ಎಲ್ಲಕ್ಕೂ ಉತ್ತರ ಕೊಟ್ಟು ಮುಗಿಸಿದ ಮೇಲೆ ನೋಡಿದರೆ ಅಲ್ಲಿ ನನ್ನ ಗಂಡ, ಮಗಳು, ಅತ್ತೆ, ಅಪ್ಪನ ತೋಟ ಎಲ್ಲ ಹಾಜರು. ನಾನು ಮಾತ್ರ ಗೈರು. ಇದನ್ನು ದೂರಾಗಿ ಹೇಳುತ್ತಿಲ್ಲ. ಈ ಪ್ರಶ್ನೆಗಳಿಂದಲೇ ನನಗೆ ಬಾಡಿಗೆ ಮನೆಗಳು ಸಿಕ್ಕಿವೆ. ಮಗಳಿಗೆ ಜ್ವರ ಏರಿದ ರಾತ್ರಿ ಸಿಂಧನೂರಿನಲ್ಲಿ ಡಾಕ್ಟರ ಮನೆಯ ಬಾಗಿಲು ಬಡಿದು ಎಬ್ಬಿಸಿದವರು, ಮೊದಲ ದಿನವೇ ನನ್ನ ಇಡೀ ವಂಶವೃಕ್ಷ ವಿಚಾರಿಸಿಕೊಂಡಿದ್ದ ಪಕ್ಕದ ಮನೆಯ ಅವ್ವನೇ. ಯಾರ ಪೈಕಿ ಎಂದು ತಿಳಿದರೆ ಯಾರ ಜವಾಬ್ದಾರಿ ಎಂಬುದೂ ತಿಳಿಯುತ್ತದೆ; ನಮ್ಮ ಜನ ಕೇಳುವುದು ಅದಕ್ಕೆ. ಆದರೆ ಹೀಗೆ ಸಿಗುವ ಪರಿಚಯದಲ್ಲಿ ನನ್ನನ್ನೂ ನನ್ನ ತಂಗಿಯನ್ನೂ ಬೇರೆ ಮಾಡಿ ಹೇಳಲು ಬರುವುದಿಲ್ಲ. ಇಬ್ಬರಿಗೂ ಒಂದೇ ಊರು, ಒಂದೇ ತೋಟ. ಅವಳೋ ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಹಾಕಿಕೊಂಡು ಎರಡು ಕಂಬಳಿ ಹೊದ್ದು ಮಲಗುವವಳು, ನನಗೆ ಫ್ಯಾನಿನ ಸದ್ದೇ ಆಗದು.

ಹುಬ್ಬಳ್ಳಿಯವರ ಅಡ್ಡಹೆಸರಿನ ವಿಚಾರಕ್ಕೆ ಬಂದರೆ, ಅಲ್ಲಿಗೆ ಹೋಗುವವರೆಗೆ ಹೆಸರಿನಲ್ಲೇ ಇಷ್ಟು ರುಚಿ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಶಾಖೆಯ ಖಾತೆದಾರರಲ್ಲಿ ಮೆಣಸಿನಕಾಯಿ ಇದ್ದರು, ಉಳ್ಳಾಗಡ್ಡಿ ಇದ್ದರು, ಬೆಲ್ಲದ, ತುಪ್ಪದ, ಅಕ್ಕಿ ಎಲ್ಲ ಇದ್ದರು. ಹುಣಸಿಮರದ ಅವರು ಚೆಕ್ ಹಾಕಿ ಹೋದ ಬೆನ್ನಿಗೆ ಬಡಿಗೇರ ಬರುವರು. ಯಾವ ಕಾಲದ ಯಾವ ಅಜ್ಜನ ಅಂಗಡಿಯೋ ಕಸುಬೋ ಮನೆಮುಂದಿನ ಮರವೋ ಮೊಮ್ಮಕ್ಕಳ ಪಾಸ್‌ಬುಕ್ಕಿನವರೆಗೆ ಬಂದು ಕೂತಿದೆ. ಕಂಬಾರರಂಥ ಕವಿಯ ಹೆಸರಿನಲ್ಲಿ ಕುಲುಮೆ ಇರುವುದೂ ಹೀಗೆಯೇ. ನಮ್ಮ ಕಡೆ ಇನಿಷಿಯಲ್ ಬಿಟ್ಟರೆ ಬೇರೆ ಏನೂ ಇಲ್ಲದ್ದರಿಂದ ಆ ಕಾಲಂ ತುಂಬಿಸಲು ನನ್ನಲ್ಲಿ ಸಾಮಗ್ರಿಯೇ ಇರಲಿಲ್ಲ. ಕೊನೆಗೆ ಅಲ್ಲಿನವರೇ ದಯೆತೋರಿ ನನ್ನನ್ನು 'ಸಾಗರ ಮೇಡಂ' ಮಾಡಿದರು. ಅದೂ ಊರೇ ಆಯಿತು ಬಿಡಿ.

ಬೆಂಗಳೂರಿನ ತರಬೇತಿ ಕೇಂದ್ರವೊಂದರಲ್ಲಿ ಮೊದಲ ಬಾರಿಗೆ ಬೇರೆ ರೀತಿಯ ಪ್ರಶ್ನೆ ಎದುರಾಯಿತು. ಬೇರೆ ಬೇರೆ ಜಿಲ್ಲೆಗಳ ಅಧಿಕಾರಿಗಳನ್ನು ಅರ್ಧಚಂದ್ರಾಕಾರದಲ್ಲಿ ಕೂರಿಸಿದ್ದರು. ಹೆಸರು ಹೇಳಿ, ಜೊತೆಗೆ ನಿಮ್ಮ ಸರ್ವಿಸ್ ಫೈಲಿನಲ್ಲಿ ಇಲ್ಲದ, ಇಲ್ಲಿ ಯಾರಿಗೂ ಗೊತ್ತಿರದ ಒಂದು ಸಂಗತಿ ಹೇಳಿ ಎಂದರು ತರಬೇತಿ ಕೊಡುವವರು. ಶುರುವಿನಲ್ಲಿ ಕೂತವರ ಉತ್ತರಗಳೆಲ್ಲ ಇಸ್ತ್ರಿ ಮಾಡಿದವು. ನಾನು ಕಷ್ಟಪಟ್ಟು ದುಡಿಯುವವನು, ನನಗೆ ಸಮಯಪಾಲನೆ ಮುಖ್ಯ, ನಾನು ಪುಸ್ತಕಪ್ರೇಮಿ. ನನ್ನ ಸರದಿ ಬಂದಾಗ ಬೇರೇನೂ ತೋಚದೆ ಇದ್ದದ್ದನ್ನು ಹೇಳಿದೆ: ರಾತ್ರಿ ಮಲಗುವ ಮೊದಲು ನಾನು ರೈಲ್ವೆ ಟೈಂಟೇಬಲ್ ಓದುತ್ತೇನೆ. ಎಲ್ಲಿಗೂ ಹೋಗುವುದಕ್ಕಲ್ಲ. ಸುಮ್ಮನೆ, ಕಾದಂಬರಿ ಓದಿದ ಹಾಗೆ.

ನಕ್ಕರು. ನಗಲಿ ಎಂದೇ ಹೇಳಿದ್ದೇನೋ ಅನ್ನುವಂತೆ ನಾನೂ ನಕ್ಕೆ. ಆದರೆ ಚಹಾ ವಿರಾಮದಲ್ಲಿ ಒಬ್ಬರು ಕಪ್ ಹಿಡಿದುಕೊಂಡು ಹತ್ತಿರ ಬಂದರು. ಕಲಬುರಗಿ ಕಡೆಯವರು, ನಿವೃತ್ತಿಗೆ ಹತ್ತಿರ, ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. 'ಮೇಡಂ, ಗುಂತಕಲ್ಲದಾಗ ರಾತ್ರಿ ಇಳದ್ರ ಮುಂದಿನ ಗಾಡಿಗೆ ಎಷ್ಟೊತ್ತು ಕಾಯಬೇಕಾಗ್ತದ, ಹೇಳ್ರಿ ನೋಡೋಣ' ಅಂದರು, ಪರೀಕ್ಷೆ ಮಾಡುವವರ ಗತ್ತಿನಲ್ಲಿ. ಎಲ್ಲಿಗೆ ಹೋಗುವ ಗಾಡಿ ಎಂದು ನಾನು ಕೇಳಿದ್ದೇ ತಡ, ಅವರ ಮುಖ ಬಿಚ್ಚಿಕೊಂಡಿತು. ಪ್ರತಿದಿನ ಸಂಜೆ ಅವರ ವಾಕಿಂಗು ಬಸ್ ಸ್ಟ್ಯಾಂಡಿಗಂತೆ. ಬೋರ್ಡು ಓದುವುದು, ಬಸ್ಸಿನ ಮೇಲೆ ಬರೆದ ವಿಭಾಗ, ಘಟಕ ನೋಡುವುದು, ಅದು ಹೊರಟುಹೋದ ಮೇಲೆ ಮನೆಗೆ ಬರುವುದು. ಹೆಂಡತಿಗೂ ಹೇಳಿರಲಿಲ್ಲ. 'ಏನಂತ ಹೇಳೋದ್ರಿ? ಬಸ್ ನೋಡ್ಲಿಕ್ಕೆ ಹೊಂಟೀನಿ ಅಂತ ಹೇಳಲಿಕ್ಕಾಗ್ತದ?'

ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಸುತ್ತ ಒಂದು ಗುಂಪೇ ಸೇರಿತು. ಪೇಪರನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದುವವರು ಒಬ್ಬರು. ಮಸಾಲೆದೋಸೆಯನ್ನು ಅಂಚು ಮುಟ್ಟದೆ ನಟ್ಟನಡುವಿನಿಂದ ಶುರುಮಾಡುವವರೊಬ್ಬರು. ಗರಿಗರಿ ಅಂಚನ್ನು ಕೊನೆಗೆ ಬರಿದಾಗಿ ತಿನ್ನುವುದೇ ತನಗೆ ದೋಸೆ, ಮಿಕ್ಕಿದ್ದು ಪೀಠಿಕೆ ಎಂಬುದು ಅವರ ವಾದ. ಒಬ್ಬಾಕೆ ಮೈಸೂರು ಸ್ಯಾಂಡಲ್ ಸೋಪಿನ ಖಾಲಿ ಪೆಟ್ಟಿಗೆಗಳನ್ನು ಸೀರೆಗಳ ನಡುವೆ ಇಟ್ಟುಕೊಳ್ಳುವುದಾಗಿ ಬಹಳ ಸಂಕೋಚದಿಂದ ಹೇಳಿದರು. ಇಡೀ ಮೇಜು 'ಅಯ್ಯೋ ನಾವೂನು' ಎಂದಿತು. ಅಷ್ಟರಮಟ್ಟಿಗೆ ಅದು ವೈಯಕ್ತಿಕ ವಿಚಿತ್ರವಾಗಿ ಉಳಿಯದೆ ರಾಜ್ಯದ ಗುಣವಾಯಿತು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ, ಸಿಂಹದ ಮೈಗೆ ಆನೆಯ ತಲೆ ಇರುವ ಶರಭದ ಮುದ್ರೆ, ಅಂಡಾಕಾರದ ಸೋಪು, ಇವೆಲ್ಲ ಎಲ್ಲರಿಗೂ ಗೊತ್ತು. ಆದರೆ ಸೋಪು ಮುಗಿದ ಮೇಲೆ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕರ್ನಾಟಕದ ಯಾವ ಗೆಜೆಟಿಯರ್ ಆದರೂ ದಾಖಲಿಸಬೇಕಿತ್ತು.

ಅವತ್ತು ನನಗೆ ಒಂದು ವಿಷಯ ಹೊಳೆಯಿತು. ಇಂಥ ಸಂಗತಿಯನ್ನು ಹೇಳುವುದರಿಂದ ನನ್ನ ಬಗ್ಗೆ ಜನಕ್ಕೆ ಹೆಚ್ಚು ತಿಳಿಯಿತು ಎಂದಲ್ಲ. ಟೈಂಟೇಬಲ್ ಓದುತ್ತೇನೆ ಅಂದರೆ ನಾನು ಒಳ್ಳೆಯವಳೋ ಕೆಟ್ಟವಳೋ, ಸಾಲ ಮಂಜೂರು ಮಾಡುವಾಗ ನ್ಯಾಯವಾಗಿ ನಡೆಯುತ್ತೇನೋ ಇಲ್ಲವೋ ಏನೂ ಗೊತ್ತಾಗುವುದಿಲ್ಲ. ಆದರೆ ಅದು ಎದುರಿನವರ ಕೈಯಲ್ಲಿದ್ದ ಕಪ್ಪನ್ನು ನನ್ನ ಕಡೆ ನಡೆಸಿಕೊಂಡು ಬಂತು. ಸಾಧನೆ ಹೇಳಿದರೆ ಜನ ಚಪ್ಪಾಳೆ ತಟ್ಟಿ ಕೂರುತ್ತಾರೆ. ಸಣ್ಣ ಹುಚ್ಚನ್ನು ಹೇಳಿದರೆ ತಮ್ಮದನ್ನೂ ಹೊರಗೆ ತೆಗೆಯುತ್ತಾರೆ.

ಸಣ್ಣದಾಗಿರಬೇಕು, ನಿಜವೂ ಆಗಿರಬೇಕು. ಈಚೆಗೆ ಹುಚ್ಚುಗಳಿಗೂ ಫ್ಯಾಷನ್ ಬಂದಿದೆ. ಮೇಜಿನ ಮೇಲೆ ಪೆನ್ನು ನೇರವಾಗಿಟ್ಟವರೆಲ್ಲ 'ನನಗೆ ಸ್ವಲ್ಪ ಓಸಿಡಿ' ಅನ್ನುತ್ತಾರೆ. ನಿಜವಾಗಿ ಆ ಕಾಯಿಲೆ ಇದ್ದು ದಿನಕ್ಕೆ ನೂರು ಸಲ ಕೈ ತೊಳೆದು ಚರ್ಮ ಸುಲಿದುಕೊಂಡವರನ್ನು ಇವರು ನೋಡಿಲ್ಲ. ಕಾಫಿ ಇಲ್ಲದೆ ನನ್ನ ದಿನವೇ ಶುರುವಾಗುವುದಿಲ್ಲ ಎಂಬುದನ್ನು ಚಿಕ್ಕಮಗಳೂರಿನಿಂದ ಚಾಮರಾಜನಗರದವರೆಗೆ ಯಾರು ಬೇಕಾದರೂ ಹೇಳಬಹುದು, ಅದು ಪರಿಚಯ ಹೇಗಾದೀತು? ಇನ್ನು ಮಳೆ. 'ನನಗೆ ಮಳೆ ಅಂದ್ರೆ ಪ್ರಾಣ' ಅನ್ನುವವರನ್ನು ಒಮ್ಮೆ ಜುಲೈನಲ್ಲಿ ನಮ್ಮ ಮನೆಗೆ ಕರೆಯಬೇಕು. ವಾರವಾದರೂ ಒಣಗದ ಒಳಲಂಗ, ಬೂಷ್ಟು ಹಿಡಿದ ಚಪ್ಪಲಿ, ಕಾಲ್ಬೆರಳ ಸಂದಿಯಲ್ಲಿ ರಕ್ತ ಹೀರಿ ಉಬ್ಬಿದ ಉಂಬಳ. ಮಳೆ ಎರಡು ದಿನ ಬಿಟ್ಟರೆ ಸಾಕು, ಕೊಳೆರೋಗದ ಔಷಧಿ ಹೊಡೆಸಬೇಕು ಎಂದು ಆಕಾಶ ನೋಡುತ್ತ ಕೂತ ತೋಟದವರು, ತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣದ ನೀಲಿ ಮೆತ್ತಿದ ಅವರ ಅಂಗಿ. ಮಲೆನಾಡಿನಲ್ಲಿ ಹುಟ್ಟಿದ ಯಾರೂ ಮಳೆ ನನಗಿಷ್ಟ ಅಂದದ್ದನ್ನು ನಾನು ಕೇಳಿಲ್ಲ. ಮಳೆ ಹೊಯ್ಯುವಾಗ ಕೊಟ್ಟಿಗೆಯ ಅಟ್ಟದ ಮೇಲೆ ಒಣಹುಲ್ಲಿನಲ್ಲಿ ಕೂರುವುದು ನನಗಿಷ್ಟ ಎಂದ ಒಬ್ಬ ಹುಡುಗಿ ಗೊತ್ತು. ಅವಳ ಮಾತನ್ನು ನಂಬಿದೆ.

ಉಪ್ಪಿನಕಾಯಿಯಲ್ಲೂ ಹೀಗೆಯೇ. ಉಪ್ಪಿನಕಾಯಿ ಇಷ್ಟ ಅಂದರೆ ಏನೂ ಹೇಳಿದಂತಾಗಲಿಲ್ಲ. ಹುಬ್ಬಳ್ಳಿ ಶಾಖೆಗೆ ಬಂದ ಗಿರಾಕಿಯೊಬ್ಬರು ಮಾತಿನ ಮಧ್ಯೆ 'ನಮಗೆ ಜೀರಿಗೆ ಮಿಡಿ ಬಿಟ್ಟರೆ ಬೇರೆ ಯಾವುದೂ ಆಗುವುದಿಲ್ಲ' ಅಂದರು. ನಾನು ಪೆನ್ನು ಕೆಳಗಿಟ್ಟೆ. ಹೊಳೆದಂಡೆಯ ಕಾಡುಮಾವಿನ ಮರಗಳನ್ನು ಒಂದೊಂದಾಗಿ ಸೊನೆಯ ವಾಸನೆಯಿಂದ ಗುರುತಿಟ್ಟು, ಇದು ಜೀರಿಗೆ, ಇದು ಕರ್ಪೂರ ಎಂದು ವಿಂಗಡಿಸಿ, ಒಳ್ಳೆಯ ಅಪ್ಪೆಮರಕ್ಕೆ ಅನಂತಭಟ್ಟನಂಥ ಮನುಷ್ಯರ ಹೆಸರನ್ನೇ ಇಟ್ಟ ಸೀಮೆಯವರು ಅವರು. ಅಡ್ಡಹೆಸರು ಕೇಳುವ ಊರಿನಲ್ಲಿ ಕೂತು, ಹೆಸರೂ ಕೇಳದೆ, ಇವರು ಸಾಗರ ಸಿದ್ದಾಪುರದ ಹತ್ತಿರದವರು ಎಂದು ತಿಳಿದುಬಿಟ್ಟಿತು. ಹೊಸನಗರದವರಂತೆ. ಬಹಳ ದೂರ ಹೋಗಿರಲಿಲ್ಲ ನನ್ನ ಅಂದಾಜು.

ಟೈಂಟೇಬಲ್ಲಿನ ಹುಚ್ಚು ನನ್ನ ಸ್ವಂತದ್ದು ಎಂದು ಬಹಳ ದಿನ ಅಂದುಕೊಂಡಿದ್ದೆ. ಊರು, ಕುಲ, ಗಂಡ, ಮಕ್ಕಳು ಎಲ್ಲ ಕಳೆದ ಮೇಲೆ ಉಳಿಯುವ ಅಪ್ಪಟ ನಾನು. ಅದು ಹಾಗೇನಿಲ್ಲ. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಬೆಂಗಳೂರಿಗಿಂತ ಆಚೆ ಅವರು ಹೋಗಿದ್ದೇ ಇಲ್ಲ. ಆದರೆ ರೈಲ್ವೆಯವರು ಹೊರತರುತ್ತಿದ್ದ 'ಟ್ರೇನ್ಸ್ ಅಟ್ ಎ ಗ್ಲಾನ್ಸ್' ಎಂಬ ದಪ್ಪ ಪುಸ್ತಕವನ್ನು ಯಾರ ಕೈಯಲ್ಲಾದರೂ ತರಿಸಿಕೊಳ್ಳುತ್ತಿದ್ದರು. ರಾತ್ರಿ ಊಟವಾದ ಮೇಲೆ ಕವಳ ಹಾಕಿಕೊಂಡು, ಲಾಟೀನು ಹತ್ತಿರಕ್ಕೆಳೆದು, 'ಬಾ ಇಲ್ಲಿ, ಇವತ್ತು ಅರಸೀಕೆರೆಯಿಂದ ಹೊರಡುವ' ಅನ್ನುತ್ತಿದ್ದರು. ಪುಟದ ಎಡಕ್ಕೆ ಇಳಿಯುವ ಗಾಡಿ, ಬಲಕ್ಕೆ ಏರುವ ಗಾಡಿ. ಮಧ್ಯದಲ್ಲಿ ಊರುಗಳ ಹೆಸರು, ಪಕ್ಕದಲ್ಲಿ ಕಿಲೋಮೀಟರು. ಗಾಡಿಯ ನಂಬರಿಗೆ ಆಗ ನಾಲ್ಕೇ ಅಂಕಿ, ಐದಾದದ್ದು 2010ರ ಕೊನೆಗೆ. ಅಂಕಣದಲ್ಲಿ ಗಂಟೆಯ ಬದಲು ಬರೀ ಗೆರೆ ಇದ್ದರೆ ಅಲ್ಲಿ ಗಾಡಿ ನಿಲ್ಲುವುದಿಲ್ಲ. ಅಂಥ ಊರುಗಳ ಮೇಲೆ ಅಪ್ಪನಿಗೆ ವಿಶೇಷ ಮರುಕ. ಲೋಂಡಾ ದಾಟಿ ಕ್ಯಾಸಲ್‌ರಾಕ್ ಬಂದರೆ ಧ್ವನಿ ತಗ್ಗಿಸುತ್ತಿದ್ದರು, ಮುಂದೆ ಘಟ್ಟದ ಇಳಿಜಾರಿನಲ್ಲಿ ದೂಧ್‌ಸಾಗರ ಬರುತ್ತದೆಂದು. ನೋಡಿರದ ಜಲಪಾತಕ್ಕೆ ಅಷ್ಟು ಮರ್ಯಾದೆ.

ನಮ್ಮದೇ ಹಳಿ ಆ ಪುಸ್ತಕದಲ್ಲಿ ಮೂಲೆಯ ಒಂದು ಸಾಲು. ಬೀರೂರಿನಿಂದ ಶಿವಮೊಗ್ಗ, ಅಲ್ಲಿಂದ ಕುಂಸಿ, ಅರಸಾಳು, ಕೆಂಚನಾಲ, ಆನಂದಪುರ, ಸಾಗರ ಜಂಬಗಾರು, ಕೊನೆಗೆ ತಾಳಗುಪ್ಪ. ಶಿವಮೊಗ್ಗದಿಂದ ಆಚೆ ಮೀಟರ್‌ಗೇಜ್ ಕಾಲದ ಕೊನೆಕೊನೆಗೆ ಓಡುತ್ತಿದ್ದದ್ದು ರೈಲ್‌ಬಸ್ಸು, ಬಸ್ಸಿಗೆ ರೈಲಿನ ಗಾಲಿ ಕಟ್ಟಿದಂಥ ಒಂಟಿ ಡಬ್ಬಿ. 2011ರ ಹೊತ್ತಿಗೆ ದೊಡ್ಡ ಹಳಿ ತಾಳಗುಪ್ಪ ಮುಟ್ಟಿತು. ಅರಸಾಳಿನ ಪುಟ್ಟ ನಿಲ್ದಾಣವನ್ನು ಶಂಕರ್‌ನಾಗ್ ಮಾಲ್ಗುಡಿಯ ನಿಲ್ದಾಣ ಮಾಡಿ ಟೀವಿಯಲ್ಲಿ ತೋರಿಸಿದಾಗ ಅಪ್ಪ, 'ಇದು ಅರಸಾಳು, ನನ್ನ ಹತ್ತಿರ ಆಟ ಬೇಡ' ಎಂದು ಪರದೆಗೆ ಬೆರಳು ಮಾಡಿ ಹೇಳಿದ್ದರು. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ. 2020ರಲ್ಲಿ ಆದದ್ದು, ಅಪ್ಪ ನೋಡಲಿಲ್ಲ. ಪುತ್ತೂರಿಗೆ ವರ್ಗವಾದ ದಿನ ಫೋನಿನಲ್ಲಿ ಅವರು ಕೇಳಿದ್ದು ಮನೆ ಸಿಕ್ಕಿತಾ ಎಂದಲ್ಲ; 'ನಿಲ್ದಾಣದ ಹೆಸರು ಕಬಕ ಪುತ್ತೂರು ಅಲ್ದನೇ? ಸಕಲೇಶಪುರದಿಂದ ಕೆಳಗೆ ಸುರಂಗ ಎಷ್ಟು, ಎಣಿಸಿ ಹೇಳು.' ಐವತ್ತೇಳು ಎಂದು ಅವರಿಗೆ ಗೊತ್ತಿತ್ತು. ನಾನು ಎಣಿಸಬೇಕಿತ್ತು, ಅಷ್ಟೇ.

ಹಾಗಾಗಿ ಟೈಂಟೇಬಲ್ ಓದುತ್ತೇನೆ ಅನ್ನುವಾಗಲೂ ನಾನು ಹೇಳುತ್ತಿರುವುದು ಇಂಥವರ ಮಗಳು ಎಂದೇ. ಸಿಂಧನೂರಿನವರು ಕೇಳುವ ಪ್ರಶ್ನೆಗೂ ತರಬೇತಿಯವರು ಕೇಳುವ ಪ್ರಶ್ನೆಗೂ ನಾನು ಅಂದುಕೊಂಡಷ್ಟು ದೂರವಿಲ್ಲ. ಒಂದು ವ್ಯತ್ಯಾಸ ಇದೆ. ಅಪ್ಪನ ತೋಟ ನನಗೂ ತಂಗಿಗೂ ಸಮನಾಗಿ ಬಂತು. ಟೈಂಟೇಬಲ್ ನನಗೊಬ್ಬಳಿಗೇ ಬಂತು. ಅವಳು ಆ ಲಾಟೀನಿನ ಬೆಳಕಿನಲ್ಲಿ ಮಗ್ಗುಲಾಗಿ ನಿದ್ದೆ ಮಾಡುತ್ತಿದ್ದಳು.

ಇಷ್ಟಗಳ ಪಟ್ಟಿ ಬರೆಸುವ ಚಾಳಿ ಹೊಸದೇನಲ್ಲ. ಹತ್ತೊಂಬತ್ತನೇ ಶತಮಾನದ ಯುರೋಪಿನ ಮನೆಗಳಲ್ಲಿ ಇದಕ್ಕೆಂದೇ ಅಚ್ಚಾದ ಆಲ್ಬಮ್ ಇರುತ್ತಿದ್ದವು. ಬಂದ ಅತಿಥಿಗಳು ಮೆಚ್ಚಿನ ಬಣ್ಣ, ಮೆಚ್ಚಿನ ಕವಿ, ಮೆಚ್ಚಿನ ಗುಣ ಎಂದೆಲ್ಲ ಬರೆದು ಹೋಗಬೇಕು. 1865ರಲ್ಲಿ ಕಾರ್ಲ್ ಮಾರ್ಕ್ಸ್ ಕೂಡ ಮನೆಯ ಹೆಣ್ಣುಮಕ್ಕಳ ಕಾಟಕ್ಕೆ ಒಂದು ಹಾಳೆ ತುಂಬಿಸಿದ. ಮೆಚ್ಚಿನ ಬಣ್ಣ ಕೆಂಪು, ಅದರಲ್ಲಿ ಆಶ್ಚರ್ಯವಿಲ್ಲ. ಮೆಚ್ಚಿನ ತಿನಿಸು ಮೀನು ಎಂದು ಬರೆದ. ಅವನ 'ಬಂಡವಾಳ'ದ ಸಂಪುಟಗಳನ್ನೆಲ್ಲ ಜಾಲಾಡಿದರೂ ಆ ಮೀನು ಸಿಗುತ್ತಿರಲಿಲ್ಲ. ಫ್ರಾನ್ಸಿನಲ್ಲಿ ಮಾರ್ಸೆಲ್ ಪ್ರೂಸ್ಟ್ ಹದಿಹರೆಯದಲ್ಲಿ ಗೆಳತಿಯೊಬ್ಬಳ ಆಲ್ಬಮಿನಲ್ಲಿ ಬರೆದ ಹಾಳೆ 2003ರಲ್ಲಿ ಲಕ್ಷ ಯೂರೋ ದಾಟಿ ಹರಾಜಾಯಿತು. ಕೆಲವು ವರ್ಷಗಳ ನಂತರ ಅವನೇ ಅಂಥದೇ ಪ್ರಶ್ನೆಗಳಿಗೆ ಬೇರೆ ಉತ್ತರ ಬರೆದಿದ್ದ ಎಂಬುದು ನನಗೆ ಹೆಚ್ಚು ರುಚಿಸುವ ಸಂಗತಿ. ನಮ್ಮ ಸಾಹಿತಿಗಳಿಗೆ ಆಲ್ಬಮ್ ಬೇಕಾಗಲಿಲ್ಲ, ಆತ್ಮಕತೆಯ ಹೆಸರಿನಲ್ಲೇ ಕೆಲಸ ಮುಗಿಸಿದರು. ಪುತ್ತೂರಿನಲ್ಲಿದ್ದಾಗ ಬಿಡುವಿನ ಸಂಜೆ ಕಾರಂತರ ಬಾಲವನಕ್ಕೆ ಹೋಗುತ್ತಿದ್ದೆ. ಅಷ್ಟೆಲ್ಲ ಮಾಡಿದ ಕಾರಂತರು ತಮ್ಮ ಬದುಕಿನ ಕತೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು. ಬೀಚಿಯವರದು ಭಯಾಗ್ರಫಿ. ಲಂಕೇಶರು ತಮ್ಮ ಪುಸ್ತಕದ ಬಾಗಿಲಿನಲ್ಲಿ ಹುಳಿಮಾವಿನ ಮರ ನಿಲ್ಲಿಸಿದರು.

ನಾವು ಓದುವಾಗ ಆಟೋಗ್ರಾಫ್ ಪುಸ್ತಕ ಇತ್ತು, ಬಣ್ಣಬಣ್ಣದ ಹಾಳೆಯದ್ದು. ಅದರಲ್ಲಿ ಬರೀ ಕವಿತೆ ಮತ್ತು ಮರೆಯಬೇಡ ಎಂಬ ಬೇಡಿಕೆ. ಮಗಳ ಕಾಲಕ್ಕೆ ಸ್ಲ್ಯಾಮ್ ಬುಕ್ ಬಂತು. ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಎಲ್ಲರ ಕೈಯಲ್ಲೂ ಒಂದೊಂದು. ಪೆಟ್‌ನೇಮ್, ಫೇವರಿಟ್ ಕಲರ್, ಫೇವರಿಟ್ ಹೀರೋ, ಮರೆಯಲಾಗದ ಕ್ಷಣ. ಗೆಳತಿಯರೆಲ್ಲ ತುಂಬಿಸಿದ ಮೇಲೂ ಅವಳ ಪುಸ್ತಕದಲ್ಲಿ ಹಾಳೆಗಳು ಉಳಿದವು. ರಜೆಗೆ ಊರಿಗೆ ಹೋದಾಗ ಒಂದು ಹಾಳೆಯನ್ನು ಅಜ್ಜಿಯ ಮುಂದೆ ಹಿಡಿದಳು.

ಅಮ್ಮ ಮೊದಲು ಎಂತದೂ ಇಲ್ಲ ಎಂದು ಕೈಯಾಡಿಸಿದಳು. 'ನಂಗೆಂತ ಇಷ್ಟ ಮಾರಾಯ್ತಿ, ಎಲ್ಲ ಆಗ್ತದೆ. ನೀವು ಉಂಡದ್ದೇ ನಂಗೂ ಇಷ್ಟ ಅಂತ ಬರಕೋ.' ಮಗಳು ಹಾಗೆಲ್ಲ ಬರೆಯುವ ಹಾಗಿಲ್ಲ, ಇದರಲ್ಲಿ ರೂಲ್ಸ್ ಇದೆ ಅಂದಳು. ರೂಲ್ಸ್ ಅಂದಮೇಲೆ ಅಮ್ಮ ಗಂಭೀರಳಾದಳು. ಪುಸ್ತಕ ಮಜ್ಜಿಗೆ ಗೂಡಿನ ಪಕ್ಕದ ಮಾಡಿಗೆ ಹೋಯಿತು. ಕೆಲವು ದಿನ ಅಲ್ಲೇ ಇತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕನ್ನಡಕ ಹಾಕಿಕೊಂಡು ತೆಗೆಯುವುದು, ಓದುವುದು, ಮತ್ತೆ ಇಡುವುದು. ಕೊನೆಗೆ ಪೆನ್ಸಿಲ್ಲಿನಲ್ಲಿ, ಶಾಲೆಯ ಅಕ್ಷರದಲ್ಲಿ ತುಂಬಿಸಿಕೊಟ್ಟಳು.

ಮೆಚ್ಚಿನ ಬಣ್ಣ: ಅಡಿಕೆ ಚೊಗರು. ಬೇಯಿಸಿದ ಅಡಿಕೆಯ ಆ ಕಂದುಗೆಂಪು, ಸುಗ್ಗಿಯಲ್ಲಿ ಅವಳ ಉಗುರಿನ ಸುತ್ತ ಎಷ್ಟು ಉಜ್ಜಿದರೂ ಹೋಗದೆ ಇರುತ್ತಿದ್ದ ಬಣ್ಣ. ಅದನ್ನು ಅವಳು ಕೊಳೆ ಅಂದುಕೊಂಡಿದ್ದಾಳೆಂದೇ ನಾವು ತಿಳಿದಿದ್ದೆವು. ಮೆಚ್ಚಿನ ಹೀರೋ: ಟೈಗರ್ ಪ್ರಭಾಕರ್. ರಾಜ್‌ಕುಮಾರ್ ಎಂದು ಬರೆಯುತ್ತಾಳೆಂದು ಮನೆಮಂದಿಯೆಲ್ಲ ಪಣ ಕಟ್ಟುವಷ್ಟು ಖಾತ್ರಿಯಿಂದಿದ್ದೆವು. ಯಾಕೆ ಅಂದರೆ 'ಅವನ ಹೊಡೆತ ಚಂದ' ಅಂದಳು. ಇಷ್ಟವಿಲ್ಲದ ಅಡುಗೆ: ಬಾಳೆಮೂತಿ ಪಲ್ಯ. ಇದನ್ನು ಓದಿ ಅಣ್ಣ ಬೆಪ್ಪಾದ. ಅಮ್ಮನಿಗೆ ಬಾಳೆಮೂತಿ ಪಲ್ಯ ಅಂದರೆ ಪ್ರಾಣ ಎಂದು ನಮ್ಮ ಮನೆಯಲ್ಲಿ ನಂಬಿಕೆ. ಅವಳ ಬಟ್ಟಲಲ್ಲಿ ಯಾವಾಗಲೂ ಅದೇ ರಾಶಿ ಇರುತ್ತಿತ್ತು. ನಾವು ಯಾರೂ ತಿನ್ನದೆ ಉಳಿಸುತ್ತಿದ್ದುದರಿಂದ ಇರುತ್ತಿತ್ತು.

ಮೆಚ್ಚಿನ ವಾಸನೆ ಎಂಬ ಕಾಲಂ ಆ ಪುಸ್ತಕದಲ್ಲಿ ಇರಲೇ ಇಲ್ಲ. ಕೆಳಗೆ ಖಾಲಿ ಜಾಗದಲ್ಲಿ ಅವಳೇ ಗೆರೆ ಎಳೆದು ಸೇರಿಸಿದ್ದಳು: ಬಸ್ಸಿನ ಡೀಸೆಲ್. ಬಸ್ಸು ಹತ್ತುವ ದಿನ ಬೆಳಗಿನಿಂದ ಏನೂ ತಿನ್ನದೆ, ನಿಂಬೆಹಣ್ಣು ಮೂಸುತ್ತ ಕೂರುತ್ತಿದ್ದವಳು ಅವಳು. ಡೀಸೆಲ್ ವಾಸನೆ ತಡೆಯಲಾರಳು ಎಂದು ನಾವು ಅಂದುಕೊಂಡಿದ್ದೆವು. ನಿಂಬೆಹಣ್ಣು ಮಕ್ಕಳಿಗೆಂದು ಇಟ್ಟುಕೊಂಡದ್ದಂತೆ. ಅವಳ ತವರು ಶರಾವತಿ ಹಿನ್ನೀರಿನ ಆಚೆ. ಹೊಳೆಬಾಗಿಲಿನವರೆಗೆ ಬಸ್ಸು, ಅಲ್ಲಿಂದ ಲಾಂಚು. ಎರಡಕ್ಕೂ ಡೀಸೆಲ್ಲೇ. ವರ್ಷಕ್ಕೊಮ್ಮೆಯೋ ಎರಡು ಸಲವೋ ಆ ವಾಸನೆ. ಈಗ ಅಲ್ಲಿ ಸೇತುವೆಯಾಗಿದೆ, 2025ರಲ್ಲಿ ವಾಹನ ಓಡತೊಡಗಿದವು. ದಾಟಲು ಕೆಲವೇ ನಿಮಿಷ ಸಾಕು. 'ಕಾರಲ್ಲಿ ಕಿಟಕಿ ಹಾಕಿಕೊಂಡು ಹೋದರೆ ತವರಿಗೆ ಹೋದ ಹಾಗೇ ಅನ್ನಿಸ್ತಿಲ್ಲೆ' ಅಂದಳು, ಮೊನ್ನೆ ಕರೆದುಕೊಂಡು ಹೋದಾಗ.

ಆ ಹಾಳೆ ಓದಿದ ಮೇಲೆ ನಾನು ಇಷ್ಟಗಳನ್ನು ಕೇಳುವ ಕ್ರಮ ಬದಲಾಯಿತು. ಥಟ್ಟನೆ ಬರುವ ಉತ್ತರವನ್ನು ಕೇಳಿಸಿಕೊಳ್ಳುತ್ತೇನೆ, ಆದರೆ ಬರೆದಿಟ್ಟುಕೊಳ್ಳುವುದಿಲ್ಲ. ಅದು ಬಹಳ ಸಲ ಬಾಯಿಪಾಠ. ಜೊತೆಗೆ, ಎಲ್ಲರ ಎದುರು ನಿಲ್ಲಿಸಿ ಹೇಳಿಸುವ ಪದ್ಧತಿ ನನಗೆ ಒಗ್ಗುವುದಿಲ್ಲ. ಮಾತುಗಾರರಿಗೆ ಅದು ಹಬ್ಬ, ಸಂಕೋಚದವರಿಗೆ ಶಿಕ್ಷೆ. ಶಾಖೆಯ ಜವಾಬ್ದಾರಿ ನನಗೆ ಬಂದ ಮೇಲೆ ಹೊಸದಾಗಿ ಸೇರಿದವರನ್ನು ಸಾಲಾಗಿ ನಿಲ್ಲಿಸಲಿಲ್ಲ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಕಾಯುತ್ತಿದ್ದೆ. ಡಬ್ಬಿ ತೆರೆದ ಮನುಷ್ಯ ಸುಳ್ಳು ಹೇಳುವುದು ಕಷ್ಟ.

ಬಿಹಾರದ ದರ್ಭಂಗಾದಿಂದ ನಮ್ಮಲ್ಲಿಗೆ ಒಬ್ಬ ಹುಡುಗ ಬಂದಿದ್ದ. ಕನ್ನಡ ಬಾರದು. ಗಿರಾಕಿಗಳಿಗೆ ಹಿಂದಿ ಅಷ್ಟಕ್ಕಷ್ಟೆ. 'ಯಾವೂರಪ್ಪಾ ತಮ್ಮಾ?' ಎಂದು ಕೇಳಿದವರಿಗೆ ದರ್ಭಂಗಾ ಅಂದರೆ ಅದು ಎಲ್ಲಿ ಎಂದು ತಿಳಿಯದು, ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು. ಅವನಿಗೆ ಊಟದ ಜೊತೆ ಹಸಿ ಈರುಳ್ಳಿ ಬೇಕು. ಹೆಚ್ಚಿದ್ದಲ್ಲ, ಅಂಗೈಯಲ್ಲಿ ಗುದ್ದಿ ಒಡೆದದ್ದು. ಒಂದು ಮಧ್ಯಾಹ್ನ ನಮ್ಮ ಅಟೆಂಡರ್ ಜೋಳದ ರೊಟ್ಟಿ ಬಿಚ್ಚಿ, ಅದೇ ರೀತಿ ಮುಷ್ಟಿಯಿಂದ ಉಳ್ಳಾಗಡ್ಡಿ ಗುದ್ದಿ ಒಡೆದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮರುದಿನದಿಂದ ಒಂದೇ ಬೆಂಚು, ಒಂದೇ ಹಿಂಡಿ. ತಿಂಗಳೊಳಗೆ ಪೇಟೆಯಲ್ಲೆಲ್ಲ ಅವನು 'ಉಳ್ಳಾಗಡ್ಡಿ ಸಾಹೇಬ'. ಅವನ ಮೊದಲ ಕನ್ನಡ ವಾಕ್ಯವೂ ತರಕಾರಿ ಸಂತೆಯಲ್ಲೇ ಆಯಿತು. ಯಾವ ಭಾಷಾ ತರಗತಿಯೂ ಅಷ್ಟು ಬೇಗ ಕಲಿಸುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಾಗಿದ್ದರೆ ಅವನ ಮೊಮ್ಮಕ್ಕಳ ಪಾಸ್‌ಬುಕ್ಕಿಗೂ ಆ ಹೆಸರು ಹೋಗುತ್ತಿತ್ತೇನೋ.

ಹೇಳಬಾರದ ಸಂಗತಿಗಳೂ ಇರುತ್ತವೆ. ಪಾಯಸ ನನಗೆ ಆಗದು ಎಂಬುದು ನಿಜ, ಆದರೆ ಮದುವೆಯಾಗಿ ಹೋದ ಮನೆಯ ಮೊದಲ ಪಂಕ್ತಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಎಲೆಯ ತುದಿಯಲ್ಲಿ ಬಡಿಸಿದ್ದನ್ನು ಅನ್ನದ ಜೊತೆ ಹೇಗೆ ಮಾಯ ಮಾಡಬೇಕು ಎಂಬುದರಲ್ಲಿ ಪರಿಣತಿ ಬಂತು. ಅತ್ತೆಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ತಮಗೂ ಆಗದು ಅಂದರು. ಆ ಮನೆಯಲ್ಲಿ ಹಬ್ಬಹಬ್ಬಕ್ಕೂ ಪಾಯಸ ಆಗುತ್ತಿದ್ದದ್ದು ಯಾರಿಗಾಗಿ ಎಂಬುದು ಈಗಲೂ ಇತ್ಯರ್ಥವಾಗಿಲ್ಲ.

ಹೋದ ವರ್ಷ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಹೂವಿನ ಹಾರ, ಮೈಸೂರು ಪೇಟ, ಗಂಧದ ಮಾಲೆ ಎಲ್ಲ ಆಯಿತು. ಮೇಲಧಿಕಾರಿಗಳು ನನ್ನನ್ನು ದಕ್ಷ, ಪ್ರಾಮಾಣಿಕ, ಮಿತಭಾಷಿ ಎಂದರು. ಆ ಮೂರು ಗುಣವಾಚಕಗಳು ಹಿಂದಿನ ವರ್ಷ ನಿವೃತ್ತರಾದವರಿಗೂ ಸಂದಿದ್ದವು. ನಾನು ಉತ್ತರದಲ್ಲಿ ಟೈಂಟೇಬಲ್ ವಿಚಾರ ಹೇಳೋಣ ಎಂದು ತಯಾರಿ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಶಾಖೆಯ ಅಟೆಂಡರ್ ತಾನೂ ಎರಡು ಮಾತು ಆಡುತ್ತೇನೆ ಎಂದು ಎದ್ದ.

'ಮೇಡಂ ದಿನಾ ಬೆಳಿಗ್ಗೆ ಶಟರ್ ಮೇಲೆ ಹೋದ ಕೂಡಲೇ ಒಂದು ಮಾತು ಹೇಳ್ತಿದ್ರು. ನಾವೆಲ್ಲ ಅದಕ್ಕೇ ಕಾಯ್ತಿದ್ವಿ. ಅದಾದ ಮೇಲೇನೇ ಕೌಂಟರ್ ಶುರು' ಅಂದ. ಏನು ಹೇಳುತ್ತಿದ್ದೆ ಎಂದು ನನಗೇ ಕುತೂಹಲ. ಅವನು ಎರಡು ಬೆರಳಿನಿಂದ ಮೈಕನ್ನು ಟಕಟಕ ಬಡಿದು, ಥೇಟ್ ಕಂಡಕ್ಟರನ ಧ್ವನಿಯಲ್ಲಿ 'ರೈಟ್! ರಾಯ್ಟ್!' ಎಂದು ಕೂಗಿದ. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಹೌದು ಹೌದು ಎಂದು ಕ್ಯಾಶಿಯರ್ ಕಣ್ಣೊರೆಸಿಕೊಂಡಳು. ಮೀಟಿಂಗ್ ಮುಗಿದಾಗಲೂ ಹಾಗೇ ಅನ್ನುತ್ತಿದ್ದೆನಂತೆ, ಟೇಬಲ್ ತಟ್ಟಿ.

ನನಗೆ ಇದರ ಸುಳಿವೇ ಇರಲಿಲ್ಲ. ಮನೆಗೆ ಬಂದು, ಹಾರ ತೆಗೆದಿಡುತ್ತ ಮಗಳನ್ನು ಕೇಳಿದೆ, ನಾನು ಹಾಗೆ ಹೇಳುವುದು ಹೌದಾ ಎಂದು. ಅವಳು ಮೊಬೈಲಿನಿಂದ ತಲೆ ಎತ್ತದೆ, 'ಕುಕ್ಕರ್ ಮುಚ್ಚಳ ಹಾಕಿದಾಗಲೂ ಹೇಳ್ತೀಯ' ಅಂದಳು.